ಮೀಟರು ಒಪ್ಪದ ಬಿಯರು

ಕೊಳವೆಗೆ ಮೀಟರು ಕೂತ ದಿನವೇ ಯೀಸ್ಟಣ್ಣನ ನೆಮ್ಮದಿ ಹಾರಿಹೋಯಿತು.

ಬಿಯರು ಕಾರ್ಖಾನೆಯಲ್ಲಿ ಅವನ ಕೆಲಸ ಇಷ್ಟೇ: ತೊಟ್ಟಿಯ ತಳದಲ್ಲಿ ಗಟ್ಟಿಯಾಗಿ ಕೂತ ಯೀಸ್ಟನ್ನು ಮುಂದಿನ ಸಲಕ್ಕೆಂದು ಡ್ರಮ್ಮಿಗೆ ಇಳಿಸಿಕೊಳ್ಳುವುದು, ಹಿಂದೆಯೇ ತಿಳಿ ಬಿಯರು ಬಂದ ಕೂಡಲೇ ವಾಲ್ವು ಮುಚ್ಚುವುದು. ಬೇಗ ಮುಚ್ಚಿದರೆ ಯೀಸ್ಟು ಸಾಲದು, ತಡವಾದರೆ ಬಿಯರು ದಂಡ. ಇಷ್ಟು ವರ್ಷ ಗಾಜಿನ ಕಿಂಡಿಗೆ ಮೂಗು ಒತ್ತಿ ನಿಂತು ಎರಡೂ ತಪ್ಪನ್ನು ಅವನು ಭೇದಭಾವವಿಲ್ಲದೆ ಮಾಡಿದ್ದ.

ಇನ್ನು ಮೇಲೆ ಅದು ಮೀಟರಿನ ಪಾಡು. ಕೊಳವೆಯೊಳಗೆ ಬೆಳಕು ಹಾಯಿಸಿ, ಎಷ್ಟು ಕದಡಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಕದಡಿದ್ದರೆ ಡ್ರಮ್ಮಿನ ವಾಲ್ವು ತೆರೆಯುತ್ತದೆ, ತಿಳಿಯಾದರೆ ಮುಚ್ಚುತ್ತದೆ. "ನಾಳೆ ಇದು ಸರಿಯಾಗಿ ನಡೆದುಬಿಟ್ರೆ ನೀವೇ ಸೂಪರ್‌ವೈಸರ್" ಎಂದು ಬಿಯರು ತಯಾರಿಕೆಯ ಮುಖ್ಯಸ್ಥರಾದ ಬ್ರೂಮಾಸ್ಟರು ನಿನ್ನೆ ಮಾತು ಕೊಟ್ಟಿದ್ದರು. ಹೆಂಡತಿ ಆ ಸುದ್ದಿಯನ್ನು ಬೆಳಗಾಗುವುದರೊಳಗೆ ಓಣಿಗೆಲ್ಲ ಹಂಚಿದ್ದಳು.

ಯೀಸ್ಟು ಕೆನೆಯಂತೆ ಇಳಿಯಿತು. ಆಮೇಲೆ ಬಿಯರು ಬಂತು. ವಾಲ್ವು ಮಾತ್ರ ಬಾಯಿ ಮುಚ್ಚಲಿಲ್ಲ. ಡ್ರಮ್ಮು ತುಂಬಿ ನೆಲದ ಮೇಲೆ ನೊರೆ ಹರಿಯುವಾಗ ಯೀಸ್ಟಣ್ಣ ಜಾರುತ್ತ ಓಡಿ ವಾಲ್ವಿನ ಸ್ವಿಚ್ಚು ಆರಿಸಿ ಅದನ್ನು ಮುಚ್ಚಿದ.

"ನಾಲ್ಕು ತಟ್ಟಬೇಕು ಕಣಯ್ಯ, ಹೊಸದು ನೋಡು" ಎಂದು ಫಿಟ್ಟರು ಸ್ಪ್ಯಾನರಿನಿಂದ ಮೀಟರಿಗೆ ತಟ್ಟಿದ. ಅಂಕಿ ಇನ್ನೂ ಏರಿತು.

ಲ್ಯಾಬಿನ ಮೇಡಂ ಬಂದು ಫಿಟ್ಟರನ್ನು ಗದರಿಸಿದರು. "ಮೀಟರು ಸುಳ್ಳು ಹೇಳಲ್ಲ. ಕದಡಿರೋದು ಬಿಯರು."

"ಹಂಗಾದ್ರೆ ಬಿಯರಿಗೆ ಏನಾಗಿದೆ ಮೇಡಂ?" ಎಂದ ಯೀಸ್ಟಣ್ಣ.

"ಅದನ್ನ ನೀವು ಹೇಳ್ಬೇಕು. ತೊಟ್ಟಿ ನಿಮ್ಮದು."

ಗಾಜು ಒರೆಸಿದರು, ತಂತಿ ಬಿಚ್ಚಿ ಕಟ್ಟಿದರು, ತೊಟ್ಟಿಯನ್ನು ಇನ್ನಷ್ಟು ತಣ್ಣಗೆ ಮಾಡಿದರು. ಕೆಲಸ ಬಿಟ್ಟು ನೋಡಲು ಬಂದ ಪ್ಯಾಕಿಂಗಿನವರೆಲ್ಲ ತಲೆಗೊಂದು ಸಲಹೆ ಕೊಟ್ಟರು. ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಸೂಪರ್‌ವೈಸರ್ ಆದ್ರಾ? ಅಕ್ಕ ಕೇಳ್ತಿದಾಳೆ."

"ಫೋನ್ ಇಡೇ ಮಾರಾಯ್ತಿ!" ಯೀಸ್ಟಣ್ಣನಿಗೆ ಅಳು ಬರುವುದೊಂದು ಬಾಕಿ.

ಕೊನೆಗೆ ಅವನಿಗೆ ರೇಗಿಹೋಯಿತು. ಬಿಯರು ತಾನಾಗಿ ತಿಳಿಯಾಗದಿದ್ದರೆ ಹಿಡಿದು ತಿಳಿ ಮಾಡಿದರಾಯಿತು! ತೊಟ್ಟಿಯಲ್ಲಿದ್ದಷ್ಟನ್ನೂ ಫಿಲ್ಟರಿಗೆ ನುಗ್ಗಿಸಿ, ಸೋಸಿ ಬಂದದ್ದನ್ನು ಮೀಟರಿನ ಕೊಳವೆಯ ಮೂಲಕವೇ ತೊಟ್ಟಿಗೆ ವಾಪಸು ಬಿಟ್ಟ. ಮಧ್ಯಾಹ್ನವೆಲ್ಲ ಅದೇ ಆಯಿತು, ಊಟವೂ ಇಲ್ಲ. ಸಂಜೆ ಹೊತ್ತಿಗೆ ಅಂಕಿ ಇಳಿದು ಇಳಿದು ತಳ ಕಂಡಿತು; ಸ್ವಿಚ್ಚು ಮತ್ತೆ ಹಾಕಿದರೂ ವಾಲ್ವು ಬಾಯಿ ಮುಚ್ಚಿಕೊಂಡೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫಿಟ್ಟರು ತಾನು ತಟ್ಟಿದ್ದು ಈಗ ನಾಟಿತು ಎಂದ.

ಆಗಲೇ ಬ್ರೂಮಾಸ್ಟರು ಹೋಟೆಲು ಮಾಲೀಕರೊಬ್ಬರನ್ನು ಕರೆದುಕೊಂಡು ಒಳಗೆ ಬಂದರು.

"ನೋಡಿ ಸಾರ್, ಕನ್ನಡಿ ಕನ್ನಡಿ!" ಯೀಸ್ಟಣ್ಣ ಎರಡು ಗ್ಲಾಸು ತುಂಬಿ ಹಿಡಿದ.

ಬ್ರೂಮಾಸ್ಟರ ಮುಖ ಕಪ್ಪಿಟ್ಟಿತು. "ಇದು... ಆ ತೊಟ್ಟಿದಾ?"

"ಅದೇ ಸಾರ್. ಬೆಳಿಗ್ಗೆ ಎಷ್ಟು ಕದಡಿತ್ತು ಅಂತೀರಾ! ಬಿಡಲಿಲ್ಲ ನಾನು."

"ರೀ, ಅದು ಗೋಧಿ ಬಿಯರು ಕಣ್ರೀ! ಕದಡೇ ಅದರ ಅಂದ! ಇವರಿಗೆ ತೋರಿಸೋಣ ಅಂತ ರಜಾ ದಿನ ಬಂದು, ಯಾರಿಗೂ ಹೇಳದೆ, ನಾನೇ ಕೂತು ಮಾಡಿದ್ದು!"

ಹೋಟೆಲು ಮಾಲೀಕರು ಒಂದು ಗುಟುಕು ಕುಡಿದರು. "ಇಂಥದ್ದು ನಮ್ಮಲ್ಲೇ ಬೇಕಾದಷ್ಟಿದೆ. ಮಬ್ಬಾಗಿರೋದು ಅಂದಿದ್ರಲ್ಲ, ಅದಿದ್ರೆ ನಾಳೆ ಬಂದು ತಗೋತೀನಿ" ಎಂದು ಹೊರಟುಹೋದರು.

ಫಿಟ್ಟರಿಗೆ ಸ್ಟೋರಿನಲ್ಲಿ, ಮೇಡಂಗೆ ಲ್ಯಾಬಿನಲ್ಲಿ ಏಕಾಏಕಿ ಕೆಲಸ ನೆನಪಾಯಿತು.

"ಸೂಪರ್‌ವೈಸರ್ ಮಾತು ಮರೆತುಬಿಡಿ. ಆ ಡ್ರಮ್ಮಿನ ಯೀಸ್ಟು ವಾಪಸ್ ಹಾಕಿ. ಮೀಟರು ಬೆಳಗಿನ ಅಂಕಿ ತೋರಿಸೋವರೆಗೂ ಮನೆಗೆ ಹೋಗೋ ಹಾಗಿಲ್ಲ" ಎಂದು ಬ್ರೂಮಾಸ್ಟರು ಬಾಗಿಲು ದಡಾರನೆ ಹಾಕಿಕೊಂಡು ಹೋದರು.

ಯೀಸ್ಟಣ್ಣ ಹಲ್ಲು ಕಚ್ಚಿ, ಡ್ರಮ್ಮಿನಿಂದ ಬಕೆಟ್ಟಿನಲ್ಲಿ ಯೀಸ್ಟು ಮೊಗೆದು, ಏಣಿ ಹತ್ತಿ ತೊಟ್ಟಿಗೆ ಸುರಿದ. ಬಿಯರು ನಿಧಾನವಾಗಿ ಮಬ್ಬಾಯಿತು. ಅಂಕಿ ಏರಿತು. ಅವನ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು.

ಮೀಟರು ಕದಡನ್ನು ಗುರುತಿಸಿತು, ಯೀಸ್ಟು ಬಂತೆಂದು ಲೆಕ್ಕ ಹಾಕಿತು, ವಾಲ್ವು ತೆರೆದು ಸುರಿದದ್ದನ್ನೆಲ್ಲ ಮತ್ತೆ ಡ್ರಮ್ಮಿಗೆ ಇಳಿಸತೊಡಗಿತು.