ಗೋರಿಯ ಕಿಂಡಿಯಲ್ಲಿ ದರ್ಜಿ

ಟೇಪು ಹಿಡಿಯುವವನು ದರ್ಜಿಯೇ ಅಲ್ಲ! ಹೀಗೆಂದು ನಾನು ಅಂಗಡಿಯಲ್ಲಿ ಘೋಷಿಸಿ ಹದಿನೈದು ವರ್ಷವಾಗಿತ್ತು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಎದೆ, ತೋಳು, ಸೊಂಟ ಎಲ್ಲದರ ಅಳತೆಯೂ ನನ್ನ ಕಣ್ಣಿಗೆ ಸಿಕ್ಕಿರುತ್ತಿತ್ತು. ಟೇಪು ಹೆಂಡತಿಯ ಕೈಚೀಲದಲ್ಲಿ ಬಿದ್ದಿರುತ್ತಿತ್ತು. ಕತ್ತರಿಸುವುದು ನಾನು, ಹೊಲಿಯುವುದು ಅವಳು.

ಹೆಂಡತಿಯ ಅಣ್ಣ ಚರಿತ್ರೆಯ ಮೇಷ್ಟ್ರು. ಒಂದು ಭಾನುವಾರ ನಮ್ಮನ್ನು ಊರಾಚೆಯ ಗುಡ್ಡಕ್ಕೆ, ಕಲ್ಲುಗೋರಿ ನೋಡಲು ಕರೆದೊಯ್ದರು. ಜೊತೆಗೆ ಅವರ ಶಾಲೆಯ ಹೆಡ್‌ಮಿಸ್ ಬಂದಿದ್ದರು. ಇಡೀ ಶಾಲೆಯ ಸಮವಸ್ತ್ರ ಯಾರು ಹೊಲಿಯಬೇಕೆಂದು ಅವರು ಆ ವಾರವೇ ತೀರ್ಮಾನಿಸುವವರಿದ್ದರು. ನನಗೆ ಗೋರಿ ಕಾಣಲಿಲ್ಲ, ಮುನ್ನೂರು ಜೊತೆ ಬಟ್ಟೆ ಕಂಡಿತು!

ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿದ ಕಲ್ಲಿನ ಕೋಣೆ. ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ.

"ಮೂರು ಸಾವಿರ ವರ್ಷದ್ದು," ಎಂದರು ಭಾವ. "ಒಳಗೀಗ ಏನೂ ಇಲ್ಲ. ಆದರೆ ಈ ಕಿಂಡಿಯಲ್ಲಿ ದೊಡ್ಡವರು ಯಾರೂ ತೂರಲ್ಲ."

ಹೆಡ್‌ಮಿಸ್ ಎದುರು ಇಂಥ ಅವಕಾಶ ಬಿಡುವುದುಂಟೆ?

"ಕಿಂಡಿಯ ಸುತ್ತಳತೆ ನಲವತ್ತು ಇಂಚು, ಭಾವ. ನನ್ನ ಸೊಂಟ ಮೂವತ್ತನಾಲ್ಕು, ಮದುವೆಯಾದಾಗಿನಿಂದ ಅಷ್ಟೇ! ಇನ್ನೂ ಆರು ಇಂಚು ಗಾಳಿಯಾಡುತ್ತೆ!"

ಹೆಂಡತಿಯ ಮುಖ ಬಿಳಿಚಿತು. "ರೀ, ಬೇಡಾರೀ!"

ಕೈ ಹೋಯಿತು, ತಲೆ ಹೋಯಿತು, ಹೆಗಲು ಹೇಗೋ ಹೋಯಿತು. ಸೊಂಟ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ! ಅರ್ಧ ನಾನು ಬೃಹತ್ ಶಿಲಾಯುಗದವರ ಅತಿಥಿ, ಇನ್ನರ್ಧ ಬಿಸಿಲಲ್ಲಿ ಕಾಲು ಬಡಿಯುತ್ತಿದ್ದೆ.

"ಕಲ್ಲು ಕುಗ್ಗಿದೆ!" ಎಂದು ಒಳಗಿನಿಂದ ಕೂಗಿದೆ.

"ಪಕ್ಕದ ಗೋರಿಯಲ್ಲೂ ಇಂಥದ್ದೇ ಕಿಂಡಿ ಇದೆ, ಅಳೆದು ನೋಡೋಣ," ಎಂದರು ಹೆಡ್‌ಮಿಸ್. ಹೆಂಡತಿಯ ಕೈಚೀಲದ ಜಿಪ್ಪಿನ ಸದ್ದಾಯಿತು. "ಅರೆ, ಸರಿಯಾಗಿ ನಲವತ್ತೇ!"

"ನೋಡಿದ್ರಾ ನನ್ನ ಕಣ್ಣು!"

"ಈಗ ಇವರನ್ನ ಅಳೀರಿ," ಎಂದರು ಹೆಡ್‌ಮಿಸ್ ನನ್ನ ಹೆಂಡತಿಗೆ. ನನ್ನ ಹೊಟ್ಟೆಯ ಸುತ್ತ ಟೇಪು ಹರಿದಾಡಿತು.

"ನಲವತ್ತೆರಡು," ಎಂದಳು ಹೆಂಡತಿ ಮೆಲ್ಲಗೆ. "ಪ್ರತಿ ವರ್ಷ ನಿಮ್ಮ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ ಸಡಿಲ ಮಾಡ್ತಿದ್ದೆ ಕಣ್ರೀ. ಒಳಗೆ ಬಟ್ಟೆ ಮುಗಿದ ಮೇಲೆ ಪಟ್ಟಿ ಸೇರಿಸಿದೆ. ಕನ್ನಡಿ ಮುಂದೆ ನಿಂತು ಅಷ್ಟು ಖುಷಿ ಪಡ್ತಿದ್ರಿ, ಹೇಳೋಕೆ ಮನಸ್ಸೇ ಬರ್ಲಿಲ್ಲ."

ಆ ಕ್ಷಣ ಗೋರಿಯೊಳಗೇ ಉಳಿದುಬಿಡೋಣ ಅನ್ನಿಸಿತು. ಅಷ್ಟು ನಾಚಿಕೆಯಾಗಿತ್ತು. ಆದರೆ ಅವಳು ಕತ್ತರಿ ತೆಗೆದು, ತಾನೇ ಹಾಕಿದ್ದ ಪಟ್ಟಿಯನ್ನು ಕರಕರನೆ ಬಿಚ್ಚಿದಳು. ಕಿಂಡಿಗೆ ಬಿಗಿದಿದ್ದ ಪ್ಯಾಂಟು ಸಡಿಲವಾಯಿತು. ಭಾವ ಕಾಲು ಹಿಡಿದು ಎಳೆದರು. ನಾನು ಈಚೆ ಬಂದೆ, ಪ್ಯಾಂಟಿನ ಮಾನ ಮಾತ್ರ ಬರಲಿಲ್ಲ. ಭಾವನ ಟವೆಲ್ಲು ಸುತ್ತಿಕೊಂಡು ನಿಂತೆ.

"ಆರ್ಡರ್ ನಿಮಗೇ," ಎಂದರು ಅತ್ತ ತಿರುಗಿ ನಿಂತಿದ್ದ ಹೆಡ್‌ಮಿಸ್.

ಟವೆಲ್ಲಿನಲ್ಲೇ ಎದೆಯುಬ್ಬಿಸಿದೆ. "ಗೊತ್ತಿತ್ತು ಮೇಡಂ! ನನ್ನ ಕಣ್ಣಳತೆ..."

"ನಿಮಗಲ್ಲಪ್ಪ, ನಿಮ್ಮ ಮನೆಯವರಿಗೆ! ಮಕ್ಕಳು ವರ್ಷ ವರ್ಷ ಬೆಳೀತಾರೆ. ಹಾಕ್ಕೊಂಡವರಿಗೇ ಗೊತ್ತಾಗದ ಹಾಗೆ ಬಟ್ಟೆ ಸಡಿಲ ಮಾಡೋರು ಎಲ್ಲಿ ಸಿಗ್ತಾರೆ?"

ಮರುದಿನ ಅಂಗಡಿಯಲ್ಲಿ ಹೆಂಡತಿ ಟೇಪು ಹಿಡಿದಳು, ನನ್ನ ಕೈಗೆ ಹೊಸ ಅಳತೆ ಪುಸ್ತಕ ಕೊಟ್ಟಳು.

"ಮಕ್ಕಳಿನ್ನೂ ಬಂದಿಲ್ಲವಲ್ಲ, ಯಾರದು ಬರೆಯಲಿ?" ಎಂದೆ.

"ಮೊದಲು ನಿಮಗೊಂದು ಪ್ಯಾಂಟು ಬೇಡ್ವಾ? ಕೈ ಮೇಲೆತ್ತಿ. ಉಸಿರು ಬಿಡಿ... ಪೂರ್ತಿ ಬಿಡಿ!" ಎಂದಳು. "ಹಾಂ, ಬರ್ಕೊಳ್ಳಿ. ನಲವತ್ಮೂರು!"