ಚಿಕ್ಕಮ್ಮ ಮತ್ತು ಇಪ್ಪತ್ತು ಕುದುರೆ

ನಮ್ಮ ಚಿಕ್ಕಮ್ಮನಿಗೆ ಲಾರಿ ಓಡಿಸಲು ಬರುವುದಿಲ್ಲ. ಆದರೆ ಲಾರಿ ಮಾರುವವರನ್ನು ಓಡಿಸಲು ಚೆನ್ನಾಗಿ ಬರುತ್ತದೆ! ಶಿವಮೊಗ್ಗದ ಲಾರಿ ಶೋರೂಮಿನಲ್ಲಿ ಟೈ ಕಟ್ಟಿಕೊಂಡು ನಿಂತಿರುತ್ತಿದ್ದ ಸೇಲ್ಸ್ ಹುಡುಗ, ಭದ್ರಾವತಿ ಬಸ್ಸಿನಿಂದ ಚಿಕ್ಕಮ್ಮ ಇಳಿಯುವುದು ಕಂಡರೆ ಸಾಕು, ಊಟದ ಡಬ್ಬಿ ಹಿಡಿದು ಹಿಂದಿನ ಬಾಗಿಲಿನಿಂದ ಮಾಯವಾಗುತ್ತಿದ್ದ. ಬೆಳಗ್ಗೆ ಹತ್ತೂವರೆಗೆ ಯಾರಾದರೂ ಊಟ ಮಾಡುತ್ತಾರೆಯೇ? ಅವನು ಮಾಡುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ಎರಡು ಇಂಜಿನ್ನು. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ಮಾಚೇನಹಳ್ಳಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯ ಮಾಲನ್ನು ತಮ್ಮ ಸ್ವಂತ ಲಾರಿಯಲ್ಲಿ ಮಂಗಳೂರಿಗೆ ಹೊಡೆಯುತ್ತಿದ್ದಾರೆ. ಲಾರಿಗೆ ವಯಸ್ಸಾಗಿತ್ತು. ಯುಗಾದಿಯ ಹೊತ್ತಿಗೆ ಫೌಂಡ್ರಿಯವರು ಹೇಳಿಯೇಬಿಟ್ಟರು: ದೀಪಾವಳಿಯೊಳಗೆ ಹೊಸ ಗಾಡಿ ತನ್ನಿ, ಇಲ್ಲದಿದ್ದರೆ ಲೋಡು ಬೇರೆಯವರಿಗೆ. ಚಿಕ್ಕಪ್ಪನಿಗೆ ಲಾರಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಮಾತು ಕೂಡ ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಲಾರಿ ಆರಿಸುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು. ಕಂಪನಿ ಯಾವುದು ಎಂದು ಒಂದೇ ದಿನದಲ್ಲಿ ಆರಿಸಿದಳು. ಬಣ್ಣಕ್ಕೆ ಹತ್ತು ನಿಮಿಷ ಸಾಕಾಯಿತು. ಆದರೆ ಅದೇ ಲಾರಿ ಎರಡು ಇಂಜಿನ್ನಿನಲ್ಲಿ ಬರುತ್ತಿತ್ತು. ಒಂದು ನೂರಾ ಅರವತ್ತು ಕುದುರೆ ಶಕ್ತಿಯದು, ಇನ್ನೊಂದು ನೂರಾ ಎಂಬತ್ತರದು. ಬೆಲೆಯಲ್ಲಿ ವ್ಯತ್ಯಾಸ ಒಂದು ಲಕ್ಷದ ನಲವತ್ತು ಸಾವಿರ. ಅಲ್ಲಿ ಸಿಕ್ಕಿಕೊಂಡೆವು ನೋಡಿ, ಏಳು ತಿಂಗಳು!

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ನನಗೂ ಇಂಜಿನ್ನಿಗೂ ಏನು ಸಂಬಂಧ? "ಇಂಗ್ಲಿಷ್ ಓದಿದೀಯಲ್ಲ, ಬಾ" ಎಂದು ಚಿಕ್ಕಮ್ಮ ಕರೆದಳು. ಹೋದೆ. ಅಂದಿನಿಂದ ನನ್ನ ಭಾನುವಾರಗಳು ಹಾಳಾದವು.

ಮೊದಲ ದಿನ ಸೇಲ್ಸ್ ಹುಡುಗ ಕ್ಯಾಬಿನ್ ಎತ್ತಿ ಎರಡೂ ಇಂಜಿನ್ ತೋರಿಸಿದ. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದಳು.

"ಎರಡೂ ಒಂದೇ ಥರ ಇದೆಯಲ್ಲಪ್ಪ?"

"ನೋಡಕ್ಕೆ ಒಂದೇ ಅಮ್ಮ. ಇದ್ರಲ್ಲಿ ಇಪ್ಪತ್ತು ಕುದುರೆ ಜಾಸ್ತಿ."

ಚಿಕ್ಕಮ್ಮ ಮನಸ್ಸಿನಲ್ಲೇ ಭಾಗಾಕಾರ ಮಾಡಿದಳು. "ಒಂದು ಕುದುರೆಗೆ ಏಳು ಸಾವಿರ ಆಯ್ತು. ಏಳು ಸಾವಿರಕ್ಕೆ ಈಗ ಒಂದು ಕರು ಬರಲ್ಲ, ನೀನು ಕುದುರೆ ಕೊಡ್ತೀನಿ ಅಂತೀಯಲ್ಲ ಮಾರಾಯ! ಎಲ್ಲೋ ಮೋಸ ಇದೆ."

ಅಗ್ಗವಾದರೂ ಅನುಮಾನ, ದುಬಾರಿಯಾದರೂ ಅನುಮಾನ! ಅನುಮಾನ ಪರಿಹಾರಕ್ಕೆ ಮಾಚೇನಹಳ್ಳಿಯ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೇಸ್ತ್ರಿ ಮೂವತ್ತು ವರ್ಷ ಲಾರಿ ಬಿಚ್ಚಿ ಕಟ್ಟಿದವನು. ಕೈ ಒರೆಸಿಕೊಳ್ಳುತ್ತಾ ಹೇಳಿದ: "ಕಬ್ಬಿಣ ಎಲ್ಲಾ ಒಂದೇ ಅಮ್ಮ. ಒಳಗಡೆ ಒಂದು ಕಂಪ್ಯೂಟ್ರು ಇರುತ್ತೆ. ಇದಕ್ಕೆ ಇಷ್ಟು ಎಳಿ ಅಂತ ಹೇಳಿರ್ತಾರೆ, ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಎಳಿ ಅಂತ ಹೇಳಿರ್ತಾರೆ. ಅಷ್ಟೇ."

"ಬರೀ ಹೇಳೋದಕ್ಕೆ ಒಂದು ಲಕ್ಷದ ನಲವತ್ತು ಸಾವಿರನಾ?" ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಸಣ್ಣದನ್ನೇ ತರೋಣ. ದಿನಾ ಬೆಳಗ್ಗೆ ನಾನೇ ಹೇಳ್ತೀನಿ!"

ಇಪ್ಪತ್ತೈದು ವರ್ಷದಿಂದ ಆಕೆ ಹೇಳುವುದನ್ನು ಕೇಳುತ್ತಾ ಬಂದಿರುವ ಚಿಕ್ಕಪ್ಪ ತಲೆ ತಗ್ಗಿಸಿ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಘಟ್ಟ ಹತ್ತುವಾಗ ಪವರ್ ಜಾಸ್ತಿ ಇದ್ದರೆ ಗೇರ್ ಬದಲಾಯಿಸುವುದು ಕಡಿಮೆ, ಕ್ಲಚ್ ತುಳಿಯುವುದೂ ಕಡಿಮೆ ಎಂದ. ಚಿಕ್ಕಮ್ಮ ಅದನ್ನು ಇನ್ನೊಂದು ಸಲ ಹೇಳಿಸಿ ಕೇಳಿದಳು. ಕ್ಲಚ್ಚೇ ಇಲ್ಲದ ಲಾರಿಯೂ ಇದೆಯಂತೆ ಎಂದು ಯಾರೋ ಹೇಳಿದರು. ಅದರ ಬೆಲೆ ಕೇಳಿ ಬಂದವಳು ಎರಡು ಲೋಟ ನೀರು ಕುಡಿದು ಮತ್ತೆ ಆ ಮಾತೆತ್ತಲಿಲ್ಲ.

ಅಲ್ಲಿಂದ ಮುಂದೆ ಸಿಕ್ಕ ಸಿಕ್ಕವರಿಗೆಲ್ಲ ಅದೇ ಪ್ರಶ್ನೆ. ತರಕಾರಿಯವಳಿಗೆ, ಗ್ಯಾಸ್ ತರುವವನಿಗೆ, ಹಲ್ಲಿನ ಡಾಕ್ಟರಿಗೆ. ನನ್ನ ತಂಗಿಯ ನಿಶ್ಚಿತಾರ್ಥದಲ್ಲಿ ಗಂಡಿನ ಅಪ್ಪನ ಪಕ್ಕ ಹೋಗಿ ಕೂತು, "ನಿಮ್ಮ ಪ್ರಕಾರ ನೂರಾ ಅರವತ್ತು ಸಾಕೋ, ನೂರಾ ಎಂಬತ್ತು ಬೇಕೋ?" ಎಂದಳು.

ಆ ಮನುಷ್ಯ ಕೈ ಮುಗಿದು, "ಇನ್ನೂರು ಮಾಡ್ಸಿ ತಾಯಿ, ನಮ್ಮ ಕಡೆ ಜನ ಜಾಸ್ತಿ" ಎಂದರು. ನಮ್ಮಪ್ಪ ಮದುವೆ ಊಟಕ್ಕೆ ಗಂಡಿನ ಕಡೆಗೇ ಇನ್ನೂರು ಎಲೆ ಹೇಳಬೇಕಾಯಿತು!

ಮಳೆಗಾಲ ಕಳೆಯುವ ಹೊತ್ತಿಗೆ ನಾನು ಆಸೆ ಬಿಟ್ಟಿದ್ದೆ. ಆಗ ಶುರುವಾಯಿತು ಹುಣಸೆಬೀಜದ ಪರೀಕ್ಷೆ. ಶೋರೂಮಿನ ಎರಡೂ ಲಾರಿಗೆ ಮರಳಿನ ಚೀಲ ಹೇರಿಸಿ, ಗಾಜನೂರಿನವರೆಗೆ ಹೋಗಿಬರಬೇಕು. ಓಡಿಸುವವರು ಚಿಕ್ಕಪ್ಪ. ಪಕ್ಕದಲ್ಲಿ ಚಿಕ್ಕಮ್ಮ, ಮಡಿಲಲ್ಲಿ ಎರಡು ಡಬ್ಬಿ. ಚಿಕ್ಕಪ್ಪ ಒಂದು ಸಲ ಕ್ಲಚ್ ತುಳಿದರೆ ಒಂದು ಹುಣಸೆಬೀಜ ಈ ಡಬ್ಬಿಯಿಂದ ಆ ಡಬ್ಬಿಗೆ. ಕಣ್ಣು ರಸ್ತೆಯ ಮೇಲಲ್ಲ, ಗಂಡನ ಕಾಲಿನ ಮೇಲೆ!

ಮೊದಲ ಸಲ ಸಣ್ಣ ಇಂಜಿನ್ನಿಗೆ ಎಂಬತ್ತನಾಲ್ಕು ಬೀಜ, ದೊಡ್ಡದಕ್ಕೆ ಎಂಬತ್ತಮೂರು. ದಾರಿಯಲ್ಲಿ ಎಮ್ಮೆ ಅಡ್ಡ ಬಂದವು, ಎಮ್ಮೆಯ ಬೀಜ ಕಳೆಯಬೇಕು ಎಂದು ವಾದ. ಕಳೆದರೂ ಸಮಾಧಾನವಿಲ್ಲ. ಎರಡನೆಯ ಸಲ ಎರಡಕ್ಕೂ ಎಂಬತ್ತೆರಡು. ಮೂರನೆಯ ಸಲ ದೊಡ್ಡ ಇಂಜಿನ್ನಿಗೇ ಒಂದು ಬೀಜ ಜಾಸ್ತಿ! ಚಿಕ್ಕಮ್ಮ ಶೋರೂಮಿನ ಹೊಳೆಯುವ ನೆಲದ ಮೇಲೆ ಕಾಲು ಚಾಚಿ ಕೂತು ಹತ್ತತ್ತರ ಗುಂಪು ಮಾಡಿ ಮತ್ತೆ ಎಣಿಸಿದಳು. ಗಿರಾಕಿಗಳು ಸುತ್ತಿ ಬಳಸಿ ಓಡಾಡಿದರು. ಸೇಲ್ಸ್ ಹುಡುಗ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ದೀಪಾವಳಿಗೆ ಒಂಬತ್ತು ದಿನ ಉಳಿದಿತ್ತು. ಫೌಂಡ್ರಿಯಿಂದ ಫೋನ್ ಬಂತು. ಯಾರೋ ಹೊಸ ಲಾರಿಯವರು ಬಂದು ವಿಚಾರಿಸಿಕೊಂಡು ಹೋಗಿದ್ದಾರಂತೆ. ನಾನು ಭದ್ರಾವತಿಯ ಅವರ ಮನೆಗೆ ಹೋದಾಗ ಚಿಕ್ಕಮ್ಮ ಅಡುಗೆಮನೆಯಲ್ಲಿ ನಾಲ್ಕನೆಯ ಪರೀಕ್ಷೆಗೆಂದು ಬೀಜ ಆರಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಸಾಕು ಮಾಡು ಚಿಕ್ಕಮ್ಮಾ! ನಿನ್ನ ಜಿಪುಣತನಕ್ಕೆ ಚಿಕ್ಕಪ್ಪನ ಇಪ್ಪತ್ತು ವರ್ಷದ ಲೋಡು ಹೋಗ್ತಿದೆ. ಲೋಡು ಹೋದ್ರೆ ಅವ್ರು ಉಳೀತಾರಾ?"

ಚಿಕ್ಕಮ್ಮ ಬೀಜದ ಮೊರ ಪಕ್ಕಕ್ಕಿಟ್ಟಳು.

"ದುಡ್ಡಿನ ಲೆಕ್ಕ ಅಂದ್ಕೊಂಡ್ಯೇನೋ? ಕ್ಲಚ್ ತುಳಿಯೋ ಅವ್ರ ಎಡಗಾಲಿನ ಲೆಕ್ಕ ಕಣೋ ಅದು. ಮಂಡಿ ಹೋಗಿದೆ. ಮೂರು ಮೆಟ್ಲು ಹತ್ತಕ್ಕೆ ಗೋಡೆ ಹಿಡೀತಾರೆ. ಕೇಳಿದ್ರೆ ಚಪ್ಪಲಿ ಕಚ್ಚಿದೆ ಅಂತಾರೆ. ಮೇಸ್ತ್ರಿ ಹೇಳಿದ್ನಲ್ಲ, ದೊಡ್ಡದ್ರಲ್ಲಿ ಕ್ಲಚ್ ಕಮ್ಮಿ ಅಂತ. ಕಮ್ಮಿ ಬಂದ್ರೆ ಬಳೆ ಮಾರಿ ಅದನ್ನೇ ತರೋಣ ಅಂತಿದ್ದೆ. ಮೂರು ಸಲ ಎಣಿಸ್ದೆ. ಕಮ್ಮೀನೇ ಬರ್ಲಿಲ್ವಲ್ಲೋ. ಏನ್ ಮಾಡ್ಲಿ ನಾನು?"

ಏಳು ತಿಂಗಳು ಆಕೆಯನ್ನು ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಹೊರಗೆ ಬಂದೆ. ಚಿಕ್ಕಪ್ಪ ಹಳೆಯ ಲಾರಿಯ ಗಾಜು ಒರೆಸುತ್ತಿದ್ದರು. ಕಿಟಕಿಯಿಂದ ಎಲ್ಲವೂ ಕೇಳಿಸಿತ್ತೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕಮ್ಮಿ ಬರುತ್ತೆ ಕಣೋ" ಎಂದರು ಮೆಲ್ಲಗೆ. "ದೊಡ್ಡ ಇಂಜಿನ್ನು ಚೆನ್ನಾಗಿ ಎಳೆಯುತ್ತೆ. ನಾನೇ ಅದ್ರಲ್ಲಿ ಪ್ರತಿ ಸಲ ಹದಿನೈದು ತುಳಿತ ಸುಮ್ಸುಮ್ನೆ ಜಾಸ್ತಿ ತುಳಿದೆ. ದೊಡ್ಡದು ತರೋಣ ಅಂದ್ರೆ ಅವಳು ಬಳೆಗೇ ಕೈ ಹಾಕ್ತಾಳೆ ಅಂತ ಗೊತ್ತಿತ್ತು. ಆ ಬಳೆ ಅವಳ ಅಮ್ಮಂದು. ಅವಳ ಹತ್ರ ಇರೋದೇ ಅವೆರಡು. ಸಣ್ಣದೇ ಸಾಕು ಅಂತ ಅವಳೇ ಅನ್ಲಿ ಅಂತ ಕಾಯ್ತಿದೀನಿ. ನೀನು ಹೇಳ್ಬೇಡ."

ನಾನು ಅವರ ಮಾತು ಕೇಳಲಿಲ್ಲ. ಒಳಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಚಿಕ್ಕಮ್ಮ ಕಿರುಚಾಡುತ್ತಾಳೆ, ಹೊರಗೆ ಓಡಿಹೋಗಿ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆಕೆ ಹಾಗೇನೂ ಮಾಡಲಿಲ್ಲ. ಒಲೆಯ ಉರಿ ಆರಿಸಿದಳು. ಎರಡೂ ಬಳೆ ಬಿಚ್ಚಿ ನನ್ನ ಕೈಗಿಟ್ಟು, "ಇವತ್ತೇ ಹೋಗಿ ದೊಡ್ಡದು ಬರೆಸಿ ಬಾ" ಎಂದಳು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು. ತಿರುಗಿ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಪ್ರತಿ ಸಲ ಹದಿನೈದು ಅಂದ್ಯಾ?" ಎಂದಳು. "ಆ ಕಾಲಲ್ಲೇನೋ?"