ಹುಡುಗನನ್ನು ವಿಚಾರಿಸಿ ಹೋದವರು

ಹನ್ನೊಂದು ಗಂಟೆಗೆ ಬರುವವರನ್ನು ಎದುರುಗೊಳ್ಳಲು ಗಿರಿಧರ ಒಂಬತ್ತಕ್ಕೇ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ನಾಲ್ಕು ವರ್ಷವಾಗಿತ್ತು. ‘ಮನೆಯಲ್ಲೇ ಕುಳಿತು ಕಂಪ್ಯೂಟರ್ ಟೈಪಿಂಗ್’ ಎಂದು ಪೇಪರಿನಲ್ಲಿ ಬಂದ ಜಾಹೀರಾತಿಗೆಲ್ಲ ಅವನು ಅರ್ಜಿ ಹಾಕಿದ್ದ. ಎಲ್ಲರೂ ಮೊದಲು ಠೇವಣಿ ಕೇಳಿದರು. ಒಬ್ಬರಿಗೆ ಕೊಟ್ಟ ಮೇಲೆ ಅವರ ಆಫೀಸೇ ಸಿಗಲಿಲ್ಲ. ಹಾಸನದ ಈ ಕಂಪನಿ ಮಾತ್ರ ಏನೂ ಕೇಳದೆ ಟೈಪಿಂಗ್ ಪರೀಕ್ಷೆ ಮಾಡಿ, ಪಾಸಾದವನಿಗೆ ಪತ್ರ ಬರೆದಿತ್ತು: ‘ಕಂಪ್ಯೂಟರು, ಫ್ಲಾಪಿ ನಮ್ಮದೇ. ನಮ್ಮ ಅಧಿಕಾರಿ ಮನೆಗೆ ಬಂದು ವಿಚಾರಿಸುತ್ತಾರೆ. ಬೇರೆ ನೌಕರಿ ಇರಬಾರದು. ಹಗಲೆಲ್ಲ ಮನೆಯಲ್ಲೇ ಇರಬೇಕು. ಮನೆ ನಿಶ್ಶಬ್ದವಾಗಿರಬೇಕು.’

ಓದಿ ಗಿರಿಧರನ ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಯಾವ ಹುದ್ದೆಗೂ ಅವನು ಇಷ್ಟು ಅರ್ಹನಾಗಿರಲಿಲ್ಲ.

ಠೇವಣಿ ಹೋದಾಗ ಬೀದಿಯವರು ಆರು ತಿಂಗಳು ಬಿಡದೆ ಸಂತಾಪ ಸೂಚಿಸಿದ್ದರಿಂದ ಈ ಸಲ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಅಮ್ಮ ಅರಕಲಗೂಡಿಗೆ ಹೋಗಿದ್ದರು. ಮನೆಗೆ ಬೀಗ ಹಾಕಿಕೊಂಡೇ ಬಂದಿದ್ದ.

ಫೈಲು ಹಿಡಿದು ಬಸ್ಸಿಳಿದವರಿಗೆಲ್ಲ ಕೈಮುಗಿದ. ಅವರಲ್ಲೊಬ್ಬ ವಿಮೆ ಏಜೆಂಟು. ಅರ್ಧ ಗಂಟೆ ಬಿಡಲಿಲ್ಲ. ಹನ್ನೆರಡೂವರೆಗೆ, ಒದ್ದೆ ಹಪ್ಪಳದಂತಾಗಿ ಬೀದಿಗೆ ತಿರುಗಿದರೆ, ಮೊಸರು ಮಾರುವ ಪುಟ್ಟತಾಯಮ್ಮ ದೂರದಿಂದಲೇ ಕೂಗಿದಳು.

“ಎಲ್ಲೋಗಿದ್ಯಪ್ಪಾ ಗಿರಿ? ಎಣ್ಣಿನ ಕಡೆಯೋರು ಬಂದ್ಬುಟ್ಟು ಓದ್ರು ಕಣಪ್ಪ! ಕಾರ್ನಾಗೆ!”

“ಯಾವ ಹೆಣ್ಣು?”

“ನಂಗೇನ್ ಗೊತ್ತು? ಕೈಯಾಗೆ ಫೈಲು ಇತ್ತು. ಉಡುಗ ಎಂಗೆ, ಏನ್ ಮಾಡ್ತಾನೆ ಅಂತ ಕೇಳಿದ್ರು. ಇನ್ಯಾತಕ್ ಕೇಳ್ತಾರೆ?”

ಫೈಲು ಎಂದ ಕೂಡಲೇ ಗಿರಿಧರನಿಗೆ ಬಂದವರು ಹಾಸನದ ಕಂಪನಿಯವರೆಂದು ಗೊತ್ತಾಯಿತು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಗಂಗಾಧರಯ್ಯ ಜಗುಲಿಯಿಂದ ಎದ್ದು ಬಂದರು. ವಿಚಾರಿಸಲು ಬಂದವರ ಮುಂದೆ ಯಾರ ಮನೆ ಹುಡುಗನನ್ನೂ ಬಿಟ್ಟುಕೊಡುವ ಬೀದಿಯಲ್ಲ ಅದು. ನಾಳೆ ತಮ್ಮ ಮನೆಗೂ ಬರುತ್ತಾರಲ್ಲ!

“ನಿನ್ನ ಮರ್ಯಾದೆ ಕಳೀತೀನೇನಯ್ಯಾ? ಹಾಸನದಲ್ಲಿ ಪರ್ಮನೆಂಟ್ ನೌಕರಿ ಅಂದೆ.”

“ಅಯ್ಯೋ!”

“ಮನೇಲಿರ್ತಾನಾ ಅಂದ್ರು,” ಎಂದಳು ಪುಟ್ಟತಾಯಮ್ಮ. “ಮನೇಲಿ ಬಿದ್ದಿರೋಕೆ ಅವನೇನ್ ಬೆಕ್ಕಾ ಸಾ? ಏಳು ಗಂಟೆ ಬಸ್ಸಿಗೆ ಓದ್ರೆ ಕತ್ಲಾದ್ಮೇಲೇ ಬರಾದು ಅಂದ್ಬುಟ್ಟೆ!”

“ಮನೆಯಲ್ಲಿ ಗಲಾಟೆ ಇಲ್ಲ ತಾನೇ ಅಂತ ಬೇರೆ ಕೇಳಿದ್ರು. ಹುಡುಗಿ ಒಂಟಿಯಾಗ್ತಾಳೆ ಅನ್ನೋ ಚಿಂತೆ ಪಾಪ. ನಂಟರಿಷ್ಟರು, ಮಕ್ಕಳು, ದಿನಾ ಛತ್ರದ ಹಾಗಿರುತ್ತೆ ಅಂದೆ,” ಎಂದರು ಮೇಷ್ಟ್ರು.

“ಅವರೇನಂದ್ರು ಮೇಷ್ಟ್ರೇ?”

“ಎಲ್ಲಾ ಬರ್ಕೊಂಡ್ರಪ್ಪ. ತೃಪ್ತಿಯಾದ ಹಾಗಿತ್ತು.”

ಗಿರಿಧರ ಮನೆಯೊಳಗೆ ನುಗ್ಗಿ, ತನಗೆ ಕೆಲಸವಿಲ್ಲ ಎಂಬುದಕ್ಕೆ ಇದ್ದ ಏಕೈಕ ದಾಖಲೆಯನ್ನು, ಅಂದರೆ ಉದ್ಯೋಗ ವಿನಿಮಯ ಕಚೇರಿಯ ಕಾರ್ಡನ್ನು, ಜೇಬಿಗಿಟ್ಟು ಹಾಸನದ ಬಸ್ಸು ಹತ್ತಿದ. ವಿಚಾರಿಸಲು ಬಂದಿದ್ದ ಅಧಿಕಾರಿ ಪಟ್ಟಾಭಿರಾಮ್ ಆಫೀಸಿಗೆ ಮರಳಿದ್ದು ಐದಕ್ಕೆ. ಗಿರಿಧರ ಹೆಸರು ಹೇಳಿದ್ದೇ ತಡ, ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು.

“ನೌಕರಿ ಇರೋರಿಗೆ ಈ ಕೆಲಸ ಕೊಡೋಕಾಗಲ್ಲ, ಬೇಜಾರು ಮಾಡ್ಕೋಬೇಡಿ. ಆದ್ರೆ ನಿಮ್ಮ ಬೀದಿಯಲ್ಲಿ ಎಷ್ಟು ಒಳ್ಳೆ ಹೆಸರು ರೀ! ನಮ್ಮ ತಂಗಿ ಮಗಳು, ಶ್ರೀಗೌರಿ ಅಂತ…” ಎಂದು ಡ್ರಾಯರಿನಿಂದ ಒಂದು ಫೋಟೊ ತೆಗೆದು ಮುಂದಿಟ್ಟರು.

ಗಿರಿಧರ ನೋಡಿದ. ಪರ್ಮನೆಂಟಾಗಿಯೇ ಇದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಸುಳ್ಳು ಹೇಳಿದರೆ ಅವನಿಗೆ ಕಿವಿ ಕೆಂಪಾಗುತ್ತಿತ್ತು. ಕಾರ್ಡನ್ನು ಫೋಟೊದ ಪಕ್ಕ ಇಟ್ಟು, “ಸಾರ್, ದೇವರಾಣೆ ನಂಗೆ ಯಾವ ಕೆಲಸಾನೂ ಇಲ್ಲ,” ಎಂದ.

ಪಟ್ಟಾಭಿರಾಮ್ ಕಾರ್ಡನ್ನು ಎರಡೂ ಕಡೆ ಓದಿದರು. ಮೆಲ್ಲನೆ ಫೋಟೊ ಹಿಂದಕ್ಕೆಳೆದುಕೊಂಡರು.

“ಛೆ! ಆ ಜಾಗಕ್ಕೆ ಮಧ್ಯಾಹ್ನವೇ ಚನ್ನರಾಯಪಟ್ಟಣದ ಹುಡುಗನನ್ನ ತಗೊಂಡ್ಬಿಟ್ಟೆನಲ್ರೀ. ಅವರ ಬೀದಿಯವರು ಏನನ್ನೂ ಮುಚ್ಚಿಡಲಿಲ್ಲ. ‘ಅವನೊಬ್ಬ ದಂಡಪಿಂಡ, ಮನೆ ಬಿಟ್ಟು ಅಲ್ಲಾಡಲ್ಲ, ಹೆಣ್ಣು ಕೊಡೋರೂ ದಿಕ್ಕಿಲ್ಲ’ ಅಂದ್ರು.”

ಹೇಳುತ್ತ ಹೇಳುತ್ತ ಅವರ ಮುಖ ಅರಳಿತು.

“ಅಂದ ಹಾಗೆ, ಈಗ ಅವನಿಗೆ ಕೆಲಸ ಆಯ್ತಲ್ಲ!” ಎಂದು ಶ್ರೀಗೌರಿಯ ಫೋಟೊವನ್ನು ಆ ಹುಡುಗನ ಫೈಲಿನೊಳಗೆ ಸೇರಿಸಿದರು.